ಇಪ್ಪತ್ತನೇ ನಿಮಿಷಕ್ಕೆ ಆಫ್

ಮಾರ್ಚ್ ೩, ಸೋಮವಾರ. ಸಂಜೆ ೬:೪೦

ಮತ್ತೆ ಆಫ್. ಇವತ್ತು ಹತ್ತೊಂಬತ್ತನೇ ನಿಮಿಷಕ್ಕೆ. ಪ್ರೆಸ್ಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅಣ್ಣನ ವರದಿ.

"ಹೈವೇ ಮೇಲೆ ಎಂಬತ್ತರಲ್ಲಿ ಹೋಗ್ತಿದ್ದೆ ಕಣೇ. ಫ್ಯಾನು ವಿಮಾನದ ಥರ ಕೂಗ್ತು. ಸ್ಕ್ರೀನು ಕಪ್ಪಗಾಯ್ತು. ಬಸ್ಸಲ್ಲಿ ನಲವತ್ತು ಜನ ಇದ್ರು."

ನಲವತ್ತು ಜನ. ಗೇಮಿನ ಗೊಂಬೆಗಳನ್ನೂ ಎಣಿಸಿಯೇ ಹೊರಡುತ್ತಾನೆ.

ಬೆಳಿಗ್ಗೆಯಿಂದ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಔಷಧದ ಲೇಬಲ್ಲು ಜೋಡಿಸುವುದು, ಸಂಜೆ ಮನೆಯ ಕಂಪ್ಯೂಟರಿನ ಹೊಟ್ಟೆ ಬಿಚ್ಚುವುದು. ಬೆನ್ನು ಹಲಗೆಯಾಗಿದೆ. ಆದರೆ ಬಿಡುವ ಹಾಗಿಲ್ಲ. ಅಣ್ಣನಿಗೆ ಸ್ಟ್ರೋಕ್ ಆಗಿ ಐದು ತಿಂಗಳು. ಕಾಲು ಬಂತು, ಮಾತು ಬಂತು. ಎಡಗೈ ಮಾತ್ರ ಮುಷ್ಟಿ ಬಿಚ್ಚಲಿಲ್ಲ. ಚೆಂಡು ಹಿಸುಕು ಎಂದರೆ ಚೆಂಡನ್ನು ಗೋಡೆಗೆ ಎಸೆದ. ಕೊನೆಗೆ ಫಿಸಿಯೋ ಮೇಡಂ ಕೇಳಿದರು — "ಏನು ಕೆಲಸ ಮಾಡ್ತಿದ್ರು?" ಬಸ್ ಡ್ರೈವರ್, ಮೂವತ್ತೊಂದು ವರ್ಷ ಎಂದೆ. "ಹಾಗಾದ್ರೆ ಕೈಗೆ ಸ್ಟೀರಿಂಗ್ ಕೊಡಿ."

ಬಸ್ ಓಡಿಸುವ ಗೇಮ್. ಹಳೆಯ ಸ್ಟೀರಿಂಗು, ಮೂರು ಪೆಡಲ್ಲು, ಮೇಜಿಗೆ ಕ್ಲಾಂಪು. ಆರು ವಾರದಲ್ಲಿ ಹೆಬ್ಬೆರಳು ಬಿಟ್ಟುಕೊಂಡಿತು. ಈಗ ನಾಲ್ಕು ಬೆರಳು ಸ್ಟೀರಿಂಗನ್ನು ಸುತ್ತುತ್ತವೆ.

ಇಪ್ಪತ್ತೇಳಕ್ಕೆ ಡಿಪೋದಲ್ಲಿ ಮೆಡಿಕಲ್. ಪಾಸಾದರೆ ಮತ್ತೆ ಬಸ್ಸು. ಅಷ್ಟರೊಳಗೆ ಈ ದರಿದ್ರ ಡಬ್ಬ ಸರಿಯಾಗಬೇಕು.

ಮಾರ್ಚ್ ೪, ಮಂಗಳವಾರ. ಸಂಜೆ

ಧೂಳು. ಪೇಂಟಿಂಗ್ ಬ್ರಶ್ ಹಿಡಿದು ಫ್ಯಾನಿನ ರೆಕ್ಕೆ ಒಂದೊಂದಾಗಿ ಒರೆಸಿದೆ. ಒಳಗೆ ಸಿಕ್ಕ ಧೂಳಿನಲ್ಲಿ ಒಂದು ದಿಂಬು ತುಂಬಬಹುದು. ಅಣ್ಣ ಟಾರ್ಚು ಹಿಡಿದ. ಎಡಗೈಯಲ್ಲೇ ಹಿಡಿ ಎಂದೆ. ಹಿಡಿದ, ಬೆಳಕು ನಡುಗುತ್ತಿತ್ತು.

ಟೆಂಪರೇಚರ್ ಎಪ್ಪತ್ತೊಂದು. ಪರವಾಗಿಲ್ಲವಂತೆ. ಇಪ್ಪತ್ತೊಂದನೇ ನಿಮಿಷಕ್ಕೆ ಆಫ್.

ಮಾರ್ಚ್ ೬, ಗುರುವಾರ

ಒಂದು ಸಲಕ್ಕೆ ಒಂದೇ ತಿದ್ದುಪಡಿ. ಪ್ರೂಫ್ ನೋಡುವವರ ಅಭ್ಯಾಸ. ಎರಡು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ.

ಇವತ್ತು ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅದಕ್ಕೂ ಹೆಸರು ಡ್ರೈವರ್. ಸ್ಕ್ರೀನ್ ನೋಡುತ್ತ ಹಾಗೇ ಗಟ್ಟಿಯಾಗಿ ಓದಿಬಿಟ್ಟೆ — "ಡ್ರೈವರ್ ಹಳೇದಾಗಿದೆ, ಬದಲಾಯಿಸ್ಬೇಕಂತೆ."

"ಯಾರೇ ಹಾಗಂದೋರು?"

ಹಿಂದಿನ ಕುರ್ಚಿಯಲ್ಲೇ ಕೂತಿದ್ದ. ನಾನು ನಕ್ಕೆ. ಅವನೂ ನಕ್ಕ.

ಡ್ರೈವರ್ ಬದಲಾಯಿತು. ಹದಿನೆಂಟನೇ ನಿಮಿಷಕ್ಕೆ ಆಫ್.

ಮಾರ್ಚ್ ೯, ಭಾನುವಾರ. ಬೆಳಿಗ್ಗೆ ೧೧

ರ‍್ಯಾಮ್ ಕಿತ್ತು, ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಟೆಸ್ಟ್ ಹಾಕಿದೆ. ಒಂದೂ ತಪ್ಪಿಲ್ಲ. ಗೇಮ್ ಹಾಕಿದರೆ ಆಫ್.

ವಾರಕ್ಕೆ ಸಿಗುವುದೇ ಒಂದು ಭಾನುವಾರ. ಬಟ್ಟೆ ನೆನೆಹಾಕಿದ್ದು ಹಾಗೇ ಇದೆ. ಅಡುಗೆಮನೆಗೆ ಬರುತ್ತ ಅಣ್ಣ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಂಡ. ಎಡಭುಜ. ಹಳೆಯ ನೀಲಿ ಕಲೆಯ ಮೇಲೆ ಹೊಸ ನೀಲಿ. "ಕಾಲು ಇನ್ನೂ ಸ್ವಲ್ಪ ಎಳೆಯತ್ತೆ" ಎಂದ.

ಮಾರ್ಚ್ ೧೨, ಬುಧವಾರ

ಸೋತೆ. ಸ್ಕ್ರೂನನ್ನು ಕರೆಸಿದೆ. ರಿಪೇರಿ ಅಂಗಡಿಯವನು. ಹುಟ್ಟಿದಾಗ ಇಟ್ಟ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಬಾಯಲ್ಲಿ ಸದಾ ಎರಡು ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಾನೆ.

ಪವರ್ ಸಪ್ಲೈ ಬಿಚ್ಚಿ ಅಂಗೈ ಮೇಲೆ ಇಟ್ಟು ತೂಗಿ ನೋಡಿದ.

"ಅಕ್ಕಾ, ಇದು ಡಬ್ಬ ದೊಡ್ಡದು, ಒಳಗೆ ಪೊಳ್ಳು. ನೀವು ಟೈಪ್ ಮಾಡ್ತಾ ಕೂತ್ರೆ ಸುಮ್ನಿರುತ್ತೆ. ಗೇಮ್ ಶುರುವಾದ್ರೆ ಕಾರ್ಡು ಕರೆಂಟು ಕೇಳುತ್ತೆ. ಇದರ ಕೈಲಿ ಕೊಡಕ್ಕಾಗಲ್ಲ. ಇಪ್ಪತ್ತು ನಿಮಿಷ ಹೆಂಗೋ ಏಗುತ್ತೆ, ಆಮೇಲೆ ಕೈ ಎತ್ತುತ್ತೆ."

ಹೊಸದು ಹಾಕಿ ಹೋದ. ಹತ್ತು ದಿನ ಒದ್ದಾಡಿದ್ದೆ, ಅವನಿಗೆ ಹತ್ತು ನಿಮಿಷ ಸಾಕಾಯಿತು.

ಮಾರ್ಚ್ ೧೬, ಭಾನುವಾರ. ಮಧ್ಯಾಹ್ನ

ನಾಲ್ಕು ದಿನದಿಂದ ಒಮ್ಮೆಯೂ ಆಫ್ ಆಗಿಲ್ಲ. ಇವತ್ತು ನಾನೇ ಪಕ್ಕದಲ್ಲಿ ಕೂತು ನೋಡಿದೆ. ಐವತ್ತು ನಿಮಿಷ. ಫ್ಯಾನು ಗುಂಯ್ ಎನ್ನುತ್ತಲೇ ಇತ್ತು, ಸ್ಕ್ರೀನು ಅಲುಗಲಿಲ್ಲ. ಕುಣಿಯೋಣ ಎನಿಸಿತು, ಮಂಡಿ ಒಪ್ಪಲಿಲ್ಲ.

ಅಣ್ಣನಿಗೇ ಖುಷಿ ಇಲ್ಲ. ಹೈವೇಯಲ್ಲೇ ಹೋದ, ತಿರುಗಿಸಿಕೊಂಡು ಅದೇ ಹೈವೇಯಲ್ಲಿ ಬಂದ.

"ಊರೊಳಗೆ ಹೋಗಲ್ವಾ?"

"ಬೇಡ ಇವತ್ತು. ಟ್ರಾಫಿಕ್ಕು."

ಗೇಮಿನಲ್ಲಿ ಎಂಥ ಟ್ರಾಫಿಕ್ಕು ಎಂದು ನಗಾಡಿದೆ. ಅವನು ನಗಲಿಲ್ಲ.

ಮಾರ್ಚ್ ೧೮, ಮಂಗಳವಾರ. ಸಂಜೆ ೬:೩೦

ಮತ್ತೆ ಆಫ್ ಅಂತೆ!! ಇಪ್ಪತ್ತನೇ ನಿಮಿಷಕ್ಕೆ. ಸ್ಕ್ರೂಗೆ ಫೋನ್ ಮಾಡಿದೆ. "ಆಗಕ್ಕೆ ಸಾಧ್ಯನೇ ಇಲ್ಲ ಅಕ್ಕಾ" ಎಂದ. ಟೆಸ್ಟ್ ಹಾಕಿ ಕೂತೆ. ಎಷ್ಟು ಹೊತ್ತಾದರೂ ಅಲುಗಲಿಲ್ಲ.

ಅಳು ಬರುವ ಹಾಗಿತ್ತು. ಕಂಪ್ಯೂಟರಿಗಾಗಿ ಯಾರಾದರೂ ಅಳುತ್ತಾರೆಯೇ.

ಮಾರ್ಚ್ ೨೦, ಗುರುವಾರ

ಇವತ್ತೂ. ನಾನಿಲ್ಲದಾಗ ಮಾತ್ರ ಕೆಡುವ ಮೆಷಿನ್.

ಒಂದು ವಿಷಯ. ಮೇಜಿನ ಕೆಳಗೆ ಎಕ್ಸ್‌ಟೆನ್ಷನ್ ಬೋರ್ಡಿದೆ. ನೆಲಕ್ಕೆ ಹತ್ತಿರ, ಕಾಲಿಗೆ ಸಿಗುವ ಹಾಗೆ. ಕಂಪ್ಯೂಟರ್ ತಾನಾಗಿ ಸತ್ತರೆ ಬೋರ್ಡಿನ ಕೆಂಪು ದೀಪ ಉರಿಯುತ್ತಲೇ ಇರಬೇಕು. ನಾನು ಬಂದಾಗ ದೀಪ ಆರಿತ್ತು. ಸ್ವಿಚ್ಚು ಆಫ್ ಆಗಿತ್ತು.

ಇನ್ನೊಂದು. ಅಣ್ಣ ಊಟ ಮುಗಿಸಿ ಎದ್ದ ಮೇಲೆ ತಟ್ಟೆ ನೋಡಿದೆ. ಬಲಗಡೆ ಬೋಳು. ಎಡಗಡೆ ಬಡಿಸಿದ ಪಲ್ಯ ಬಡಿಸಿದ ಹಾಗೇ ಇತ್ತು. ಎಷ್ಟು ದಿನದಿಂದ ಹೀಗೆ? ಬಾಯಿ ರುಚಿ ಕೆಟ್ಟಿದೆ ಎಂದುಕೊಂಡು ನಾನೇ ತಟ್ಟೆ ಎತ್ತುತ್ತಿದ್ದೆ.

ಮಾರ್ಚ್ ೨೧, ಶುಕ್ರವಾರ. ಸಂಜೆ

ಪ್ರೆಸ್ಸಿನಲ್ಲಿ ಕಟಿಂಗ್ ಮೆಷಿನ್ ಕೆಟ್ಟು ಮೂರಕ್ಕೇ ಬಿಟ್ಟರು. ಕೊಡೆಯನ್ನು ಹೊರಗೆ ಗೋಡೆಗೆ ಒರಗಿಸಿ, ಬಾಗಿಲು ಸದ್ದಾಗದಂತೆ ತೆಗೆದೆ. ಬೇಕೆಂದೇ.

ಬೆನ್ನು ನನ್ನ ಕಡೆ ಇತ್ತು. ಎಷ್ಟು ಚೆನ್ನಾಗಿ ಓಡಿಸುತ್ತಾನೆ! ಹೈವೇ ಮುಗಿಸಿ ಊರೊಳಗೆ ಇಳಿದ. ಇಂಡಿಕೇಟರ್ ಹಾಕಿದ, ವೇಗ ಇಳಿಸಿದ, ಎಡಕ್ಕೆ ಸ್ಟಾಪಿನ ಹತ್ತಿರ ತಂದ. ಸ್ಟಾಪಿನಲ್ಲಿ ಜನ ನಿಂತಿದ್ದರು. ನನಗೆ ಕಾಣುತ್ತಿತ್ತು. ಅವನು ನೇರ ಅವರ ಮೇಲೆಯೇ ಬಸ್ ಹತ್ತಿಸಿದ.

ಸ್ಕ್ರೀನ್ ಮೇಲೆ ಕೆಂಪಕ್ಷರ ಬಂತು. ಅಣ್ಣ ಕತ್ತು ಪೂರ್ತಿ ಎಡಕ್ಕೆ ತಿರುಗಿಸಿದ. ಆಮೇಲಷ್ಟೇ ಕಂಡಿತು ಅವನಿಗೆ. ಆಮೇಲೆ ಹೆಬ್ಬೆರಳಿನಿಂದ, ಕಾಲಿನ ಹೆಬ್ಬೆರಳಿನಿಂದ, ಮೇಜಿನ ಕೆಳಗಿನ ಸ್ವಿಚ್ಚು ಒತ್ತಿದ.

ಹಿಂದೆ ಸರಿದು ಮೆಟ್ಟಿಲಿಳಿದೆ. ಬೀದಿಯ ತುದಿಯವರೆಗೆ ನಡೆದೆ. ಐದಕ್ಕೆ ಚಪ್ಪಲಿ ಸದ್ದು ಮಾಡುತ್ತ ವಾಪಸು ಬಂದೆ.

"ಮತ್ತೆ ಆಫ್ ಆಯ್ತು ಕಣೇ" ಎಂದ.

"ನೋಡೋಣ ಬಿಡು" ಎಂದೆ.

ಮಾರ್ಚ್ ೨೨

ಏನೂ ಬರೆಯಲಾರೆ.

ಮಾರ್ಚ್ ೨೫, ಮಂಗಳವಾರ. ಬೆಳಿಗ್ಗೆ ೬

ನಿನ್ನೆ ಸಂಜೆ ಹೇಳಿದೆ. ಇನ್ನು ಮೂರೇ ದಿನ ಉಳಿದಿತ್ತು, ಹೇಳದೆ ಗತಿಯಿರಲಿಲ್ಲ. ಅವನು ಟೀ ಕುಡಿಯುತ್ತಿದ್ದ.

"ಅಣ್ಣಾ, ಕಂಪ್ಯೂಟರ್ ಸರಿಯಾಗಿದೆ."

"ಗೊತ್ತು."

ಅಷ್ಟೇ. ಲೋಟ ಕೆಳಗಿಟ್ಟ. ನಾನು ಏನೇನೋ ಸಿದ್ಧ ಮಾಡಿಕೊಂಡಿದ್ದೆ, ಯಾವುದೂ ಬೇಕಾಗಲಿಲ್ಲ.

"ಶುಕ್ರವಾರ ಬಂದಿದ್ದೆ ಅಲ್ವಾ ನೀನು? ನೀನು ಐದಕ್ಕೆ ಬರೋ ಮೊದ್ಲೇ ನಿನ್ನ ಕೊಡೆ ಹೊರಗೆ ಗೋಡೆಗೆ ಒರಗಿತ್ತು."

"ಎಡಗಡೆ ಯಾವಾಗಿಂದ ಕಾಣಿಸ್ತಿಲ್ಲ?"

"ಕಾಣಿಸ್ತಿಲ್ಲ ಅನ್ನೋದೇ ಕಾಣ್ಲಿಲ್ಲ ಕಣೇ. ಕಪ್ಪಗಿದ್ರೆ ಗೊತ್ತಾಗ್ತಿತ್ತು. ಅಲ್ಲಿ ಏನೂ ಇಲ್ಲ, ಅಷ್ಟೇ. ಮೊದ್ಲು ಊರು ಬರೋಷ್ಟರಲ್ಲಿ ಮೆಷಿನ್ನೇ ಆಫ್ ಆಗ್ತಿತ್ತು. ನೀನು ಸರಿ ಮಾಡ್ಸಿದ್ಮೇಲೆ ಊರೊಳಗೆ ಹೋದೆ. ಆಗ ಗೊತ್ತಾಯ್ತು."

ನಾನು ಸರಿ ಮಾಡಿಸಿದ ಮೇಲೆ.

"ಡಾಕ್ಟ್ರಿಗೆ ಹೇಳ್ಬೇಕಿತ್ತಲ್ಲ ಅಣ್ಣಾ."

"ಕಣ್ಣಿನ ಚಾರ್ಟು ಎದುರಿಗೇ ನೇತು ಹಾಕಿರ್ತಾರೆ. ಕತ್ತು ಸ್ವಲ್ಪ ತಿರುಗಿಸ್ಕೊಂಡ್ರೆ ಕೊನೇ ಸಾಲಿನವರೆಗೂ ಓದ್ತೀನಿ. ಪಾಸಾಗ್ತೀನಿ ನಾನು."

"ಆಮೇಲೆ?"

ಎಡಗೈ ಬೆರಳುಗಳನ್ನು ಮಡಿಸುತ್ತ, ಬಿಚ್ಚುತ್ತ ಕೂತ. ಎಷ್ಟು ಸಲೀಸಾಗಿ ಬಿಚ್ಚುತ್ತಿದ್ದವು.

"ಮೂವತ್ತೊಂದು ವರ್ಷ. ಒಂದು ಕೋಳಿ ಸತ್ತಿಲ್ಲ ನನ್ನ ಚಕ್ರಕ್ಕೆ ಸಿಕ್ಕಿ. ಆ ಸ್ಟಾಪಲ್ಲಿ ಒಬ್ಳು ನಿಂತಿರ್ತಾಳೆ, ಹಳದಿ ಚೀಲ ಹಿಡ್ಕೊಂಡು. ಗೊಂಬೆ ಅಂತ ನಂಗೊತ್ತು. ಏಳು ಸಲ ಹೊಡೆದಿದೀನಿ ಕುಳ್ಳೀ ಅವಳಿಗೆ."

ನಾನು ಶಾಲೆಗೆ ಹೋಗುವಾಗಿನಿಂದ ಕುಳ್ಳಿ. ಐವತ್ತೆರಡು ವರ್ಷವಾದರೂ ಬಿಟ್ಟಿಲ್ಲ. ನಿನ್ನೆ ಮಾತ್ರ ಆ ಹೆಸರು ಕರೆಯುವಾಗ ಅವನ ದನಿ ಒಡೆಯಿತು.

"ಗುರುವಾರ ನಾನೂ ಬರ್ತೀನಿ" ಎಂದೆ. ನಾನೇ ಡಾಕ್ಟರಿಗೆ ಹೇಳಿಬಿಡಬೇಕಾಗಬಹುದು. ಹೇಳಿದರೆ ಈ ಜನ್ಮದಲ್ಲಿ ಅವನು ನನ್ನೊಡನೆ ಮಾತಾಡದಿರಬಹುದು. ಎರಡನ್ನೂ ಯೋಚಿಸಿ ಯೋಚಿಸಿ ತಲೆ ಒಣಗಿಹೋಗಿದೆ.

ಮಾರ್ಚ್ ೨೭, ಗುರುವಾರ. ಸಂಜೆ

ಡಿಪೋದ ಡಾಕ್ಟರ ಕೋಣೆ. ಹೊರಗೆ ಕಬ್ಬಿಣದ ಬೆಂಚು, ಬಾಗಿಲು ಅರ್ಧ ತೆರೆದಿತ್ತು. ಅಣ್ಣ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡಿದ್ದ.

ಬಿ.ಪಿ. ಸರಿ. ಕೈ ಹಿಸುಕಿ ತೋರಿಸಿದ. "ಪರವಾಗಿಲ್ವೇ, ಚೆನ್ನಾಗಿ ಇಂಪ್ರೂವ್ ಆಗಿದೀರಿ" ಎಂದರು ಡಾಕ್ಟರು. ಚಾರ್ಟು ಓದಿದ. ಕೊನೆಯ ಸಾಲು, ಒಂದಕ್ಷರ ತಪ್ಪಿಲ್ಲ. ಡಾಕ್ಟರು ಪೆನ್ನು ತೆಗೆದರು. ನಾನು ಎದ್ದು ನಿಂತಿದ್ದೆ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದೆ.

"ಡಾಕ್ಟ್ರೇ, ಒಂದ್ನಿಮಿಷ." ಅಣ್ಣನ ದನಿ. ಬಸ್ ಸ್ಟ್ಯಾಂಡಿನಲ್ಲಿ ಜನರನ್ನು ಸರಿಯಲು ಹೇಳುವಾಗಿನ ದನಿ. "ನಿಮ್ಮ ಬೆರಳು ನನ್ನ ಎಡಗಡೆ ಹಿಡೀರಿ. ನಾನು ಎದುರಿಗೇ ನೋಡ್ತಿರ್ತೀನಿ. ಎಷ್ಟು ಬೆರಳು ಅಂತ ಕೇಳಿ."

ಡಾಕ್ಟರು ಹಿಡಿದರು. ಕೇಳಿದರು.

"ಹಿಡಿದಿದೀರಾ?" ಎಂದ ಅಣ್ಣ.

ಪೆನ್ನಿನ ಕ್ಯಾಪು ಹಾಕಿದ ಸದ್ದು ಹೊರಗೆ ನನಗೂ ಕೇಳಿಸಿತು.

ಬಸ್ಸಿಗೆ ಅನ್‌ಫಿಟ್. ಕಣ್ಣಿನ ಆಸ್ಪತ್ರೆಗೆ ಚೀಟಿ. ವಾಪಸು ಬರುವಾಗ ಬಸ್ಸು ಹತ್ತಿದೆವು. ಡ್ರೈವರು ಗುರುತು ಹಿಡಿದು "ಏನ್ ಗುರುವೇ, ಯಾವಾಗ ಡ್ಯೂಟಿಗೆ?" ಎಂದು ಕೂಗಿದ. ಅಣ್ಣ ಬರೀ ಕೈ ಎತ್ತಿದ. ಎಡಗೈ. ಪೂರ್ತಿ ಬಿಚ್ಚಿದ ಅಂಗೈ.

ಮನೆಗೆ ಬಂದು ಯೂನಿಫಾರ್ಮ್ ಬಿಚ್ಚಿ, ಮಡಿಸಿ, ಮಲಗಿದ. ಗಂಟೆ ಇನ್ನೂ ನಾಲ್ಕೂವರೆ.

ಏಪ್ರಿಲ್ ೨, ಬುಧವಾರ

ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿದ್ದಾನೆ. ಮಾತಿಲ್ಲ. ತಟ್ಟೆಯನ್ನು ನಾನು ಅರ್ಧಕ್ಕೆ ತಿರುಗಿಸಿ ಇಡುತ್ತೇನೆ, ಆಗ ಉಳಿದರ್ಧ ತಿನ್ನುತ್ತಾನೆ. ಪ್ರೆಸ್ಸಿನಲ್ಲಿ ಇವತ್ತು ಒಂದೇ ಲೇಬಲ್ಲಿನಲ್ಲಿ ಮೂರು ತಪ್ಪು ಬಿಟ್ಟೆ. ಮಾಲೀಕರು ಬೈಯಲಿಲ್ಲ, "ರಜ ಹಾಕಮ್ಮಾ" ಎಂದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಏಪ್ರಿಲ್ ೬, ಭಾನುವಾರ. ಬೆಳಿಗ್ಗೆ ೧೦:೩೦

ಬಟ್ಟೆ ಹಿಂಡುತ್ತಿದ್ದೆ. ಒಳಗಿಂದ ಕೂಗು.

"ಕುಳ್ಳೀ, ಬಾ ಇಲ್ಲಿ. ಕೂತ್ಕೋ."

ಟವೆಲ್ ತೆಗೆದಿದ್ದ. ಕುರ್ಚಿಯನ್ನು ಮುಂದಕ್ಕೆಳೆದು, ಎತ್ತರಕ್ಕೆ ದಿಂಬು ಬೇರೆ ಇಟ್ಟಿದ್ದ. ಸ್ಟೀರಿಂಗಿನ ಮುಂದೆ ನನ್ನನ್ನು ಕೂರಿಸಿದ. ಸೈಕಲ್ಲನ್ನೂ ಬಿಟ್ಟವಳಲ್ಲ ನಾನು. ಕೈ ಒದ್ದೆ ಇದೆ ಎಂದೆ. ಒರೆಸ್ಕೋ ಎಂದ. ಸುಸ್ತಾಗಿದೆ ಎಂದೆ. ಡ್ರೈವರಿಗೆ ಯಾವಾಗ್ಲೂ ಸುಸ್ತೇ ಎಂದ.

ಹನ್ನೊಂದು ನಿಮಿಷ ಬಸ್ ಓಡಿಸಿದೆ. ನಾಲ್ಕು ಸಲ ಎಂಜಿನ್ ನಿಂತಿತು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಒಂದೇ ಸಮನೆ ಬೈದ. "ಕ್ಲಚ್ಚು! ಕ್ಲಚ್ಚು ಅಂದ್ರೆ ಇರುವೆ ತುಳಿಯೋದಲ್ಲ! ಕನ್ನಡಿ ನೋಡು! ಹಿಂದೆ ಜನ ಕೂತಿದಾರೆ, ಮೂಟೆ ಅಲ್ಲ!" ಹತ್ತು ದಿನದಿಂದ ಆಡದ ಮಾತನ್ನೆಲ್ಲ ಆಡಿ ತೀರಿಸಿದ. ಹೆಗಲು ಹಿಡಿದುಕೊಂಡಿದೆ. ಅಂಗೈ ಬೆವರಿದೆ. ಮೊದಲ ಸ್ಟಾಪಿನಲ್ಲಿ ಯಾರಿಗೂ ತಾಗಿಸದೆ ನಿಲ್ಲಿಸಿದೆ. "ಹೂಂ" ಎಂದ. ಮೂವತ್ತೊಂದು ವರ್ಷದ ಡ್ರೈವರಿನ ಹೂಂ.

ಟೀ ಇಡುವ ನೆಪದಲ್ಲಿ ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ. ನಾಳೆಯಿಂದ ರಿವರ್ಸಂತೆ. ನಾಳೆ ಸೋಮವಾರ, ಪ್ರೆಸ್ಸಿದೆ ಎಂದರೆ ಆರು ಗಂಟೆಗೆ ಏಳು ಅನ್ನುತ್ತಾನೆ. ಈಗ ಮತ್ತೆ ಕೂಗುತ್ತಿದ್ದಾನೆ — ಹ್ಯಾಂಡ್‌ಬ್ರೇಕ್ ಹಾಕದೆ ಎದ್ದು ಬಂದಿದ್ದೇನಂತೆ, ಇಳಿಜಾರಂತೆ, ಬಸ್ಸು ತಾನೇ ಹಿಂದಕ್ಕೆ —