ಗಾಲಿಯಿಲ್ಲದ ವಾಕರ್

ಅಮ್ಮಾ,

ಸತ್ತವರ ಮೇಲೆ ರೇಗಬಾರದಂತೆ. ಆದರೂ ರೇಗುತ್ತಿದ್ದೇನೆ. ಮಗುವಿಗೆಂದು ನಾನು ತಂದ ವಾಕರನ್ನು ಅಟ್ಟಕ್ಕೆ ಹಾಕಿದವಳು ನೀನು. "ಎಳೇ ಕಾಲು ಕಣೇ, ನೆಲದ ಮೇಲೆ ಬಿಡು, ತಾನೇ ನಡೆಯುತ್ತೆ" ಅಂತ ನೀನು. "ನಿನ್ನ ಕಾಲದ ಪುರಾಣ ಸಾಕು ಮಾಡು" ಅಂತ ನಾನು. ಅದಾದ ವಾರಕ್ಕೇ ನೀನು ಹೋದೆ.

ಮಗುವಿಗೆ ವರ್ಷ ತುಂಬಲು ಹದಿನೈದೇ ದಿನ, ಇನ್ನೂ ಒಂದು ಹೆಜ್ಜೆ ಇಟ್ಟಿಲ್ಲವಲ್ಲ ಎಂದು ಇವತ್ತು ಅದನ್ನು ಇಳಿಸಿದೆ. ನೋಡಿದರೆ ಒಂದು ಗಾಲಿಯೂ ಇಲ್ಲ! ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರಿನಿಂದ ಎಲ್ಲವನ್ನೂ ಬಿಚ್ಚಿಟ್ಟಿದ್ದೀಯ. ಟೈಲರಮ್ಮನ ಕೈ, ಎಲ್ಲೂ ಒಂದು ಗೀರಿಲ್ಲ. ನಿನ್ನ ಗುಂಡಿ ಡಬ್ಬಿಗಳನ್ನೆಲ್ಲ ಸುರಿದು ಹುಡುಕಿದೆ. ಗಾಲಿ ಸಿಗಲಿಲ್ಲ, ಮಗುವಿನ ಬಾಯಲ್ಲಿ ಒಂದು ಗುಂಡಿ ಸಿಕ್ಕಿತು.

ತಲೆ ಕೆಟ್ಟು, ಎಲ್ಲಿಟ್ಟಿದ್ದೀಯ ಎಂದು ಕೇಳಲು ನಿನ್ನ ನಂಬರ್ ಒತ್ತಿಬಿಟ್ಟೆ. ಒಳಕೋಣೆಯಲ್ಲಿ ನಿನ್ನ ಫೋನ್ ರಿಂಗಾಯಿತು. ದಿನಾ ಅದನ್ನು ಚಾರ್ಜಿಗೆ ಹಾಕುವವಳು ನಾನೇ ತಾನೇ.

ಅಲುಗಾಡದ ವಾಕರನ್ನು ಹಿಡಿದು ಎದ್ದು ನಿಂತಿದ್ದ ಮಗು, ಕೈಬಿಟ್ಟು, ಆ ಸದ್ದಿನ ಕಡೆಗೆ ಮೂರು ಹೆಜ್ಜೆ ನಡೆಯಿತು.

ನಾನು ಫೋನ್ ಕಟ್ ಮಾಡಲಿಲ್ಲ.