ಮೈಕ್ ಮುಚ್ಚಿಕೊಂಡು ಕಲಿತ ಗಣಿತ

ಮನೆಯಲ್ಲೇ ಓದಿದ ಮಕ್ಕಳ ಪರೀಕ್ಷಾ ಅರ್ಜಿಗೆ ಸಹಿ ಹಾಕುವ ಮಾನ್ಯರೇ,

ನನ್ನ ತಂಗಿ ದಾನೇಶ್ವರಿಗೆ ಗಣಿತ ಬರುವುದಿಲ್ಲವೆಂದು ತೀರ್ಮಾನಿಸಲು ನಿಮಗೆ ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕೂರುತ್ತೇನೆಂದು ಬಂದ ಹುಡುಗಿಗೆ, ಅರ್ಜಿಯಲ್ಲೆಲ್ಲೂ ಕೇಳಿರದ ಒಂದು ಬಾಯಿಪರೀಕ್ಷೆ ಮಾಡಿ, "ಮುಂದಿನ ವರ್ಷ ಬರ್ರಿ" ಎಂದು ಕಳಿಸಿಬಿಟ್ಟಿರಿ. ಅರ್ಜಿ ಹಾಕಲು ಈ ತಿಂಗಳ ಕೊನೆಯವರೆಗೆ ಮಾತ್ರ ಅವಕಾಶ. ನಿಮ್ಮನ್ನು ಮತ್ತೆ ಭೇಟಿಯಾಗುವ ಧೈರ್ಯ ನನಗಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಅವಳು ಶಾಲೆ ಬಿಟ್ಟದ್ದು ಶೋಕಿಗಲ್ಲ. ಮೊಣಕಾಲಿಗೆ ಸಂಧಿವಾತ ಬಂದ ವರ್ಷ ಅವಳ ಒಂಬತ್ತನೆಯ ತರಗತಿ ಮಹಡಿಯ ಮೇಲಿತ್ತು. ತರಗತಿ ಕೆಳಗಿಳಿಯಲಿಲ್ಲ, ಅವಳಿಗೆ ಮೇಲೆ ಹತ್ತಲಾಗಲಿಲ್ಲ. ಮಿಕ್ಕ ವಿಷಯಗಳನ್ನು ಮನೆಯಲ್ಲಿ ನಾನೇ ಹೇಳಿಕೊಟ್ಟೆ. ಆದರೆ ನಾನು ಹುನಗುಂದದಲ್ಲಿ ಸಾಹಿತ್ಯ ಓದಿ ಪದವಿ ಪಡೆದವಳು. ಗಣಿತ ನನಗೆ ದೂರ. ಅದಕ್ಕಾಗಿ ಒಂದು ಆನ್‌ಲೈನ್ ತರಗತಿಗೆ ಸೇರಿಸಿದೆವು. ಪಾಠ ಚೆನ್ನಾಗಿಯೇ ಇತ್ತು. ತಿಳಿಯದ್ದನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ಎಷ್ಟು ಸಲ ಕೇಳಿದರೂ ಆ ದನಿಯಲ್ಲಿ ಬೇಸರ ಮೂಡುವುದಿಲ್ಲ.

ತಪ್ಪು ನಡೆದದ್ದು ನಮ್ಮ ಮನೆಯಲ್ಲಿ. ನಮ್ಮದು ಇಳಕಲ್‌ನ ನೇಕಾರರ ಮನೆ, ನಡುಮನೆಯಲ್ಲೇ ಮಗ್ಗ. ಮೊದಲ ವಾರ ಉತ್ತರ ಹೇಳಲು ದಾನೇಶ್ವರಿ ಮೈಕ್ ತೆರೆದಾಗ ಅವ್ವನ ಮಗ್ಗದ ಸಪ್ಪಳವೆಲ್ಲ ತರಗತಿಗೆ ನುಗ್ಗಿತು. "ಯಾರ ಮನೇಲಿ ರೈಲು ಹೋಗ್ತಿದೆ?" ಎಂದು ಯಾವುದೋ ಊರಿನ ಹುಡುಗ ಕೇಳಿದ. ಎಲ್ಲರೂ ನಕ್ಕರು. "ಮ್ಯೂಟ್ ಮಾಡ್ಕೊಳಮ್ಮಾ," ಎಂದರು ಮೇಡಂ. ಬೈದದ್ದೇನಲ್ಲ. ಆದರೆ ನಾವು ಅದನ್ನು ಕಾಯಂ ಆಜ್ಞೆಯೆಂದೇ ತಿಳಿದೆವು. ಅಮಾವಾಸ್ಯೆಯಂದು ಅವ್ವ ಮಗ್ಗಕ್ಕೆ ಕೂರುವುದಿಲ್ಲ, ಮನೆಯಲ್ಲಿ ಸದ್ದೇ ಇರುವುದಿಲ್ಲ. ಅಂಥ ದಿನವೂ ತಂಗಿಯ ಬೆರಳು ಮೈಕಿನ ಗುರುತಿನವರೆಗೆ ಹೋಗಿ ಹಿಂದೆ ಸರಿಯುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಇಷ್ಟು ದಿನ ಅವಳು ಗಣಿತವನ್ನು ಕೇಳಿದ್ದಾಳೆ, ಬರೆದಿದ್ದಾಳೆ, ಯಾರೊಡನೆಯೂ ಆಡಿಲ್ಲ. ಉತ್ತರ ಸರಿಬಂದಾಗ ನನ್ನ ಕಡೆ ತಿರುಗುತ್ತಿದ್ದಳು. "ಹೌದೇನು? ಚಲೋ ಆತು," ಎನ್ನುತ್ತಿದ್ದೆ. ನನ್ನ ಮುಖದಲ್ಲಿ ಏನೂ ಸಿಗದೆ ಮತ್ತೆ ಪರದೆಯ ಕಡೆ ತಿರುಗುತ್ತಿದ್ದಳು.

ಇನ್ನು ನಿಮ್ಮ ಕಚೇರಿಯಲ್ಲಿ ನಡೆದದ್ದು. ನಿಮಗೆ ಮರೆತಿರಬಹುದು.

"ಮೂರು, ಏಳು, ಹನ್ನೊಂದು… ಹಿಂಗ ಹೊಂಟ್ರ ಇಪ್ಪತ್ತನೇದು ಎಷ್ಟು? ಹೆಂಗ ಬಂತು, ಬಾಯಿಲೆ ಹೇಳು," ಎಂದಿರಿ. ಅವಳು ಪೆನ್ನಿಗೆ ಕೈಚಾಚಿದಳು.

"ಬರಿಯೂದು ಬ್ಯಾಡ. ಬಾಯಿ ಇಲ್ಲೇನು?"

"ಮೊಬೈಲ್ ಸಾಲ್ಯಾಗ ಕಲ್ತಾಳ್ರಿ ಸರ, ಇಲ್ಲಿ ರೇಂಜ್ ಸಿಗವಲ್ದು," ಎಂದರು ನಿಮ್ಮ ಗುಮಾಸ್ತರು. ನೀವೂ ನಕ್ಕಿರಿ. ತಮಾಷೆ ಚೆನ್ನಾಗಿತ್ತು, ಬೇರೆ ಯಾರ ಮೇಲಾದರೂ ಆಗಿದ್ದರೆ ನಾನೂ ನಗುತ್ತಿದ್ದೆ.

"ಮಗ್ಗದ ಸಪ್ಪಳಕ್ಕ ನಾವ ಮೈಕ್ ಮುಚ್ಚಿಸಿದ್ವಿರಿ ಸಾಹೇಬ್ರ. ಆಕಿ ತಪ್ಪಲ್ರಿ," ಎಂದಳು ನಮ್ಮ ಜೊತೆ ಬಂದಿದ್ದ ಅವ್ವ.

"ಹಂಗಾದ್ರ ಪರೀಕ್ಷಾಕ್ಕ ಆ ಮಗ್ಗಾನ ಕಳಸ್ರಿ," ಎಂದಿರಿ.

ಅಷ್ಟರಲ್ಲಿ ದಾನೇಶ್ವರಿ ನಿಮ್ಮ ಮೇಜಿನ ಗಾಜಿನ ಮೇಲೆ ಬೆರಳಿನಿಂದ ಎರಡು ಅಂಕಿ ಬರೆದಳು. ಗಾಜಿನ ಮೇಲೆ ಗುರುತು ಉಳಿಯಲಿಲ್ಲ. ಅವಳ ಹಿಂದೆಯೇ ನಿಂತಿದ್ದ ನನಗೆ ಕಂಡಿತು: ಏಳು, ಒಂಬತ್ತು.

ಮಾನ್ಯರೇ, ವಾರ್ಷಿಕ ಪರೀಕ್ಷೆಯನ್ನು ಮಕ್ಕಳು ಬಾಯಿಯಿಂದ ಬರೆಯುತ್ತಾರೆಯೇ? ದಿನಾ ಶಾಲೆಗೆ ಹೋಗುವವರಲ್ಲಿ ಎಷ್ಟು ಮಂದಿ ಗುರುತಿಲ್ಲದ ಸಾಹೇಬರೆದುರು ನಿಂತು ಸೂತ್ರ ಒಪ್ಪಿಸಬಲ್ಲರು? ಅವರಿಗಾದರೂ ಮೆಲ್ಲಗೆ ಕೇಳಲು ಪಕ್ಕದ ಬೆಂಚಿದೆ, ತಪ್ಪು ಹೇಳಿದಾಗ ಜೊತೆಗೂಡಿ ನಗಲು ಗೆಳತಿಯರಿದ್ದಾರೆ. ನಾನು ಆನ್‌ಲೈನ್ ಪಾಠವನ್ನು ಹಳಿಯುತ್ತಿಲ್ಲ. ಅದಿಲ್ಲದಿದ್ದರೆ ಅವಳ ಗಣಿತ ಎಂಟನೆಯ ತರಗತಿಗೇ ನಿಂತಿರುತ್ತಿತ್ತು. ಪರದೆ ಕಲಿಸುತ್ತದೆ, ಕಲಿತವಳ ಮುಖವನ್ನು ಮಾತ್ರ ನೋಡುವುದಿಲ್ಲ. ಅದಕ್ಕೆ ಒಬ್ಬ ಮನುಷ್ಯ ಬೇಕು. ಅಂದು ಆ ಕುರ್ಚಿಯಲ್ಲಿ ನೀವಿದ್ದಿರಿ.

ಮನೆಗೆ ಬಂದು ನಾನು ಮೂರಕ್ಕೆ ನಾಲ್ಕು, ಅದಕ್ಕೆ ಇನ್ನೊಂದು ನಾಲ್ಕು ಎಂದು ಬೆರಳು ಮಡಚುತ್ತ ಕೂಡಿಸಿದೆ. ಎಪ್ಪತ್ತೊಂಬತ್ತೇ ಬಂತು. ಅವಳ ಹತ್ತಿರ ಓಡಿದೆ. "ದಾನೀ, ನಿಂದು ಖರೆ ಇತ್ತು!"

"ನೀ ಒಂದೊಂದ ಕೂಡಿಸ್ಕೋತ ಹೋಗಿರ್ತಿ," ಎಂದಳು. "ನಾ ಹಂಗ ಮಾಡಿಲ್ಲ. ನಂದು ಬ್ಯಾರೆ ಹಾದಿ. ಅದನ್ನ ಯಾರ ನೋಡ್ತಾರ, ಅಕ್ಕಾ?"

ಅಂದಿನಿಂದ ಅವಳು ಪಾಠ ತೆರೆದಿಲ್ಲ. ಹೊತ್ತಿಗೆ ಸರಿಯಾಗಿ ಮೊಬೈಲ್ ಮಿನುಗುತ್ತದೆ. ಮಗುಚಿ ಇಟ್ಟು ಗೋಡೆಯ ಕಡೆ ಮಲಗುತ್ತಾಳೆ.

ನನ್ನ ಬೇಡಿಕೆ ಇಷ್ಟೇ. ಅರ್ಜಿಯ ಅವಧಿ ಮುಗಿಯುವ ಮೊದಲು ಅವಳನ್ನು ಮತ್ತೊಮ್ಮೆ ಕರೆಸಿ. ಕಾಗದ, ಪೆನ್ನು ಕೊಡಿ. ಗಣಿತ ಬಲ್ಲ ಶಿಕ್ಷಕರೊಬ್ಬರನ್ನು ಎದುರಿಗೆ ಕೂರಿಸಿ. ಉತ್ತರವನ್ನಷ್ಟೇ ಅಲ್ಲ, ಅವಳು ಹೋದ ಹಾದಿಯನ್ನೂ ಅವರು ಓದಲಿ. ತಪ್ಪಿದ್ದರೆ ತಪ್ಪೆನ್ನಲಿ, ಅದನ್ನು ಅವಳು ತಾಳಿಕೊಳ್ಳುತ್ತಾಳೆ. ಮನೆಯಲ್ಲಿ ಕಲಿಯುವ ದೊಡ್ಡ ಮಕ್ಕಳಿಗೆಲ್ಲ ವಾರಕ್ಕೊಮ್ಮೆ ಹೀಗೆ ಒಬ್ಬರೆದುರು ಕೂರುವ ಅವಕಾಶ ಕೊಡಿ ಎಂದೂ ಕೇಳಬೇಕೆಂದಿದ್ದೆ. ಅದು ದೊಡ್ಡ ಮಾತಾದೀತು. ಸದ್ಯಕ್ಕೆ ಒಂದು ತಾಸು, ಒಬ್ಬ ಹುಡುಗಿಗೆ.

ಇಂತಿ,
ಇದರಲ್ಲಿ ಒಂದು ಮಾತನ್ನೂ ನಿಮ್ಮೆದುರು ಆಡಲಾಗದೆ ಹೋದ
ದಾನೇಶ್ವರಿಯ ಅಕ್ಕ,
ಇಳಕಲ್