ನಿಮ್ಮ ಏಳನೇ ಸಲಹೆಯೂ ನಮ್ಮೂರಿನ ಕರಡಿಯೂ

ಕಾಪರ್ ಬೆಂಡ್ ಪ್ರವಾಸಿ ಕಚೇರಿಯ ನಿರ್ದೇಶಕರಿಗೆ

ಮಾನ್ಯರೇ,

ಈ ಬೇಸಿಗೆಯಲ್ಲಿ ನೀವು ಅಚ್ಚು ಹಾಕಿಸಿ, ಪೆಟ್ರೋಲ್ ಬಂಕಿನಿಂದ ಹಲ್ಲಿನ ಡಾಕ್ಟರ ಕೋಣೆಯವರೆಗೆ ಹಂಚಿರುವ ‘ಪ್ರವಾಸಿಗರಿಗೆ ಉಪಯುಕ್ತ ಸಲಹೆಗಳು’ ಎಂಬ ಕೈಪಿಡಿ ಒಂದು ಕರಡಿಯನ್ನು ಕೊಲ್ಲಲಿದೆ. ಕೈಪಿಡಿಯನ್ನು ಕರಡಿಯ ತಲೆಗೆ ಎಸೆದರೆ ಏನೂ ಆಗದು, ಅದರಲ್ಲಿ ಅಷ್ಟು ತೂಕವಿಲ್ಲ. ಆದರೆ ಅದರಲ್ಲಿ ಬರೆದಂತೆ ನಡೆದುಕೊಂಡರೆ ಸಾಕು.

ನಾನು ಈ ಊರಿನ ಗ್ರಂಥಾಲಯದಲ್ಲಿ ದುಡಿದು ನಿವೃತ್ತಳಾದವಳು. ನಿಮ್ಮ ಕಚೇರಿ ಹೊರಡಿಸಿದ ಹಳೆಯ ಕೈಪಿಡಿಗಳನ್ನೆಲ್ಲ ಓದಿದ್ದೇನೆ, ಬಹುಶಃ ಅವನ್ನು ಬರೆದವರಿಗಿಂತ ಎಚ್ಚರದಿಂದ. ಒಂದರ ಮುಖಪುಟದಲ್ಲಿದ್ದ ಬೆಟ್ಟ ನಮ್ಮ ಕೊಲೊರಾಡೊ ರಾಜ್ಯದಲ್ಲಿರುವುದು ಹಾಗಿರಲಿ, ಅಮೆರಿಕದಲ್ಲೇ ಇರಲಿಲ್ಲ. ಪಾಪದ ಪ್ರವಾಸಿಗಳು ಆ ಚಿತ್ರ ಹಿಡಿದು ಆಕಾಶದಂಚನ್ನು ಹುಡುಕುತ್ತ ನಿಂತಿರುತ್ತಿದ್ದರು. ಇನ್ನೊಂದರಲ್ಲಿ ಚಳಿಗಾಲವಿಡೀ ಮುಚ್ಚಿರುವ ಘಾಟಿ ರಸ್ತೆಯನ್ನು ‘ಡಿಸೆಂಬರಿನ ಅತ್ಯಂತ ಪ್ರಶಾಂತ ದಾರಿ’ ಎಂದು ಹೊಗಳಲಾಗಿತ್ತು. ಪ್ರಶಾಂತವಾಗಿಯೇ ಇತ್ತು, ಹಿಮದ ಅಡಿಯಲ್ಲಿ. ಆಗೆಲ್ಲ ಯಾರ ಜೀವವೂ ಹೋಗಲಿಲ್ಲವಾದ್ದರಿಂದ ನಾವು ನಕ್ಕು ಸುಮ್ಮನಾದೆವು. ಈ ಸಲ ನಗು ಅರ್ಧದಲ್ಲೇ ನಿಂತಿದೆ.

ನಿಮ್ಮ ಐದನೇ ಸಲಹೆ ಹೀಗಿದೆ: ‘ಬಾಡಿಗೆ ಮನೆಗಳ ಮಾಲೀಕರು ಅತಿಥಿಗಳಿಗಾಗಿ ಫ್ರೀಜರಿನಲ್ಲಿ ಸ್ಥಳೀಯ ರುಚಿಗಳನ್ನು ಇಟ್ಟಿರುತ್ತಾರೆ, ಸಂಕೋಚವಿಲ್ಲದೆ ಸವಿಯಿರಿ.’ ಏಳನೆಯದು: ‘ಹೊರಡುವ ಹಿಂದಿನ ಸಂಜೆಯೇ ಕಸವನ್ನು ಹೊರಗಿಡಿ.’ ಸ್ವಾಮಿ, ನೀವು ಈ ಊರಿಗೆ ಎಂದಾದರೂ ಬಂದಿದ್ದೀರಾ? ಇಲ್ಲಿ ಫ್ರೀಜರಿನಲ್ಲಿ ಇಡುವುದು ಕಸವನ್ನು! ಮೂಳೆ, ಮೀನಿನ ತಲೆ, ಹಣ್ಣಿನ ಸಿಪ್ಪೆ ಎಲ್ಲವನ್ನೂ ಕವರಿನಲ್ಲಿ ಕಟ್ಟಿ, ವಾಸನೆ ಏಳದಂತೆ ಹೆಪ್ಪುಗಟ್ಟಿಸಿ, ಕಸದ ಲಾರಿ ಬರುವ ದಿನ ಬೆಳಗ್ಗೆಯೇ ಹೊರಗೆ ತರುತ್ತೇವೆ. ಕರಡಿಗಳ ಜೊತೆ ಬದುಕುವವರು ಬೇರೆ ಹೇಗೆ ಬದುಕಬೇಕು?

ನನ್ನ ನೆರೆಯ ಡೆಲ್ಫೀನಾ ವಿಹಿಲ್ ತನ್ನ ಮನೆಯ ಮಹಡಿಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾಳೆ. ಜುಲೈನಲ್ಲಿ ಟೆಕ್ಸಸ್‌ನ ಹೋಯ್ಟ್ ಎಂಬವರು ಸಂಸಾರ ಸಮೇತ ಬಂದು ಇಳಿದರು. ಅವರು ಹೊರಡುವ ಹಿಂದಿನ ದಿನ ನಾನು ಡೆಲ್ಫೀನಾಳ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಮಹಾಶಯರು ಕೆಳಗಿಳಿದು ಬಂದರು.

“ಮೇಡಂ, ಆ ಮೀನಿನ ಸೂಪು! ನಮ್ಮನೆಯವಳು ಬಟ್ಟಲು ನೆಕ್ಕೋದೊಂದು ಬಾಕಿ. ಅದಕ್ಕೆ ಕಲ್ಲಂಗಡಿ ಸಿಪ್ಪೆ ಹಾಕೋದು ನಿಮ್ಮ ಕಡೆ ಪದ್ಧತಿನಾ?”

“ಯಾವ ಸೂಪಪ್ಪಾ?”

“ಅದೇ, ಫ್ರೀಜರಲ್ಲಿ ನಮಗೋಸ್ಕರ ಇಟ್ಟಿದ್ರಲ್ಲ, ಆ ಕವರಿಂದ ಮಾಡಿದ್ದು.”

ಡೆಲ್ಫೀನಾ ಮೆಲ್ಲಗೆ ನನ್ನ ಕಡೆ ತಿರುಗಿದಳು. “ವರ್ನಾ, ಇವರು ನನ್ನ ಕಸ ತಿಂದಿದಾರೆ ಕಣೇ.”

“ಸುಮ್ನಿರೇ,” ಎಂದೆ. “ನೀನು ಅಡುಗೆ ಮಾಡಿ ಬಡಿಸಿದಾಗ್ಲೂ ಇಷ್ಟು ಹೊಗಳಿಕೆ ಬಂದಿಲ್ಲ.”

ಕತೆ ಇಲ್ಲಿಗೇ ಮುಗಿದಿದ್ದರೆ ನಿಮಗೆ ಒಂದು ಧನ್ಯವಾದ ಪತ್ರವನ್ನೇ ಬರೆಯುತ್ತಿದ್ದೆ. ಆದರೆ ಹೋಯ್ಟ್ ಅವರು ವಿಧೇಯ ಓದುಗರು. ಏಳನೇ ಸಲಹೆಯಂತೆ ಅಂದು ಸಂಜೆ, ಯಾರಿಗೂ ಹೇಳದೆ, ಉಳಿದ ಸೂಪನ್ನು ಪಾತ್ರೆ ಸಮೇತ ಹೊರಗಿಟ್ಟರು.

ನಮ್ಮ ಬೀದಿಯಲ್ಲಿ ಒಂದು ಕರಡಿ ಓಡಾಡುತ್ತದೆ. ಅದನ್ನು ‘ಇನ್ಸ್‌ಪೆಕ್ಟರ್’ ಎನ್ನುತ್ತೇವೆ. ಒಂದೊಂದೇ ತೊಟ್ಟಿಯ ಮುಚ್ಚಳ, ಒಂದೊಂದೇ ಕಾರಿನ ಬಾಗಿಲ ಹಿಡಿಯನ್ನು ಪರಿಶೀಲಿಸಿ, ಎಲ್ಲಕ್ಕೂ ಬೀಗವಿರುವುದನ್ನು ಖಚಿತಪಡಿಸಿಕೊಂಡು, ಯಾರನ್ನೂ ದೂರದೆ ಬೆಟ್ಟ ಹತ್ತುತ್ತದೆ. ಸರ್ಕಾರಿ ನೌಕರರಲ್ಲಿ ಇಷ್ಟು ನಿಷ್ಠೆಯವರನ್ನು ನಾನು ಕಂಡದ್ದು ಕಡಿಮೆ. ಅಂದು ಅದಕ್ಕೆ ಮೊದಲ ಸಲ ಫಲ ಸಿಕ್ಕಿತು. ಹೋಯ್ಟ್ ಹೆದರಿ ಫೋನ್ ಮಾಡಿದರು. ವನ್ಯಜೀವಿ ಇಲಾಖೆಯವರು ಬೋನು ತಂದು ಹಿಡಿದು, ಕಿವಿಗೆ ಹಳದಿ ಬಿಲ್ಲೆ ಚುಚ್ಚಿ, ಘಾಟಿಯ ಆಚೆ ಬಿಟ್ಟುಬಂದರು. ಕಾಡುಹಣ್ಣು ಮಾಗುವ ಹೊತ್ತಿಗೆ ಇನ್ಸ್‌ಪೆಕ್ಟರ್ ಮರಳಿ ಹಾಜರು.

ಬಿಲ್ಲೆಯ ಅರ್ಥ ನಿಮಗೆ ಗೊತ್ತಿರಲಾರದು. ಬೋನು ತಂದ ಅಧಿಕಾರಿ ಡೆಲ್ಫೀನಾಳಿಗೆ ಹೇಳಿದ್ದನ್ನೇ ಹೇಳುತ್ತೇನೆ: “ನಂಗೂ ಇಷ್ಟ ಇಲ್ಲಮ್ಮ. ಆದ್ರೆ ಇನ್ನೊಂದು ದೂರು ಬಂದ್ರೆ ನಾನು ಬೋನು ತರಲ್ಲ, ಬಂದೂಕು ತರ್ಬೇಕಾಗುತ್ತೆ.”

ಈಗ ಕಳೆದ ಭಾನುವಾರಕ್ಕೆ ಬರೋಣ. ಹಿಂದಿನ ದಿನ ನಿಮ್ಮ ಕಚೇರಿಯ ಅಂಗಳದಲ್ಲಿ ಸ್ವಾಗತ ಕೂಟ ನಡೆದಿತ್ತು. ಪಕ್ಕೆಲುಬಿನ ಮಾಂಸ ಸುಟ್ಟಿದ್ದಿರಿ, ಪರಿಮಳ ನಮ್ಮ ಬೀದಿಗೂ ಬಂದಿತ್ತು. ಬೆಳಗ್ಗೆ ನಾನೂ ಡೆಲ್ಫೀನಾಳೂ ವಾಕಿಂಗ್ ಹೊರಟಾಗ ನಿಮ್ಮ ತೊಟ್ಟಿ ಮಗುಚಿ ಬಿದ್ದಿತ್ತು. ಬೀಗವಿಲ್ಲದ ತೊಟ್ಟಿ, ನಿಮ್ಮದೇ ಸಲಹೆಯಂತೆ ಸಂಜೆಯೇ ಹೊರಗಿಟ್ಟದ್ದು. ಪಕ್ಕದಲ್ಲಿ ಒಂದು ಕರಡಿ, ಅಧ್ಯಕ್ಷತೆ ವಹಿಸಿದಂತೆ ಕೂತಿತ್ತು. ನಾವು ಕೂಗಿ ಚಪ್ಪಾಳೆ ತಟ್ಟಿದೆವು. ಅದು ಒಂದು ಮೂಳೆ ಕಚ್ಚಿಕೊಂಡು, ಗಡಿಬಿಡಿಯಿಲ್ಲದೆ ಎದ್ದುಹೋಯಿತು.

“ಕಿವಿ ನೋಡಿದ್ಯಾ?” ಎಂದಳು ಡೆಲ್ಫೀನಾ.

“ಇಲ್ಲ, ಕನ್ನಡಕ ತಂದಿಲ್ಲ.”

“ಮೂಗಿನ ಮೇಲೇ ಇದೆಯಲ್ಲೇ!”

“ಹಾಗಾದ್ರೆ ಮಂಜು.”

“ಎಲ್ಲಿದೆ ಮಂಜು?”

“ಡೆಲ್ಫೀನಾ, ಬಾಯಿ ಮುಚ್ಕೊಂಡು ನಡಿ.”

ಹೀಗಾಗಿ ಅದು ಯಾವ ಕರಡಿಯೆಂದು ನಾನು ಹೇಳಲಾರೆ. ಚೆಲ್ಲಿದ ಮೂಳೆಗಳನ್ನು ನಾವೇ ಬಳಿದು ತಂದೆವು. ಈಗ ಅವು ನನ್ನ ಫ್ರೀಜರಿನಲ್ಲಿವೆ. ದೂರನ್ನೂ ಕೊಟ್ಟಿಲ್ಲ. ಕಾರಣ ನಿಮ್ಮ ಮೇಲಿನ ಪ್ರೀತಿಯಲ್ಲ. ಬೀಗವಿಲ್ಲದ ತೊಟ್ಟಿ ನಿಮ್ಮದು, ಸಲಹೆ ನಿಮ್ಮದು, ಕೂಟ ನಿಮ್ಮದು. ಆದರೆ ದೂರು ಕೊಟ್ಟರೆ ಗುಂಡು ತಗಲುವುದು ನಿಮಗಲ್ಲವಲ್ಲ!

ಆಸ್ಪೆನ್ ಮರಗಳ ಎಲೆಗಳು ಇನ್ನೇನು ಹಳದಿಯಾಗಲಿವೆ. ಅವನ್ನು ನೋಡಲು ಕಾರುಗಳ ಸಾಲು ಬರುತ್ತದೆ. ಕರಡಿಗಳು ಚಳಿಗಾಲದ ನಿದ್ದೆಗೆ ಮೈ ತುಂಬಿಸಿಕೊಳ್ಳುವುದೂ ಆಗಲೇ. ಅಷ್ಟರೊಳಗೆ ಆ ಕೈಪಿಡಿಗಳನ್ನು ಹಿಂದಕ್ಕೆ ತರಿಸಿ. ಕಸ ಹೊರಗೆ ಬರುವುದು ಲಾರಿಯ ದಿನ ಬೆಳಗ್ಗೆ ಮಾತ್ರ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಮೊದಲು ನಿಮ್ಮ ತೊಟ್ಟಿಗೊಂದು ಬೀಗ ಹಾಕಿ. ಇನ್ಸ್‌ಪೆಕ್ಟರ್ ಪ್ರತಿದಿನ ಬಂದು ಪರಿಶೀಲಿಸುತ್ತದೆ, ಆ ಖರ್ಚು ನಿಮಗಿಲ್ಲ.

ಇಂತಿ,
ನಿಮ್ಮ ಕೈಪಿಡಿಯ ಸಣ್ಣಕ್ಷರಗಳನ್ನೆಲ್ಲ ಓದಬಲ್ಲ, ಆದರೆ ಕರಡಿಯ ಕಿವಿ ಮಾತ್ರ ಕಾಣದ ಮುದುಕಿ,
ವರ್ನಾ ಹಾಲ್ಟರ್‌ಮನ್